ಹಿಂಗಾರಿ ಜೋಳದ ಸೀತನಿ: ಕಾಳಿನ ಹದ, ಕೆಂಡದ ಹದ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಎರೆ ಭೂಮಿಯಲ್ಲಿ ಹಿಂಗಾರಿ ಜೋಳವು ತಲೆತಲಾಂತರದಿಂದ ನಡೆದು ಬಂದ ಬೆಳೆ. ರೊಟ್ಟಿಗೆ ಕಾಳು, ದನಕರುಗಳಿಗೆ ಕಣಿಕೆ ಎಂಬ ಎರಡು ಉಪಯೋಗಗಳು ಎಲ್ಲರಿಗೂ ತಿಳಿದವು. ಇವೆರಡರ ನಡುವೆ ಮೂರನೆಯ ಉಪಯೋಗವೊಂದಿದೆ. ತೆನೆ ಇನ್ನೂ ಹಸಿಯಾಗಿದ್ದು ಕಾಳು ಹಾಲು ತುಂಬಿ ಗಟ್ಟಿಯಾಗುವ ಹೊತ್ತಿನಲ್ಲಿ ಅದನ್ನು ಕೊಯ್ದು, ಹೊಲದಲ್ಲೇ ಕೆಂಡದ ಮೇಲೆ ಸುಟ್ಟು, ತಿಕ್ಕಿ ತಿನ್ನುವ ಸೀತನಿಯೇ ಅದು. ಕೆಲವು ಕಡೆ ಇದನ್ನು ಬೆಳಸಿ ಎನ್ನುತ್ತಾರೆ. ಗಡಿಯಾಚೆಯ ಸೊಲ್ಲಾಪುರ, ಅಕ್ಕಲಕೋಟೆ ಭಾಗದಲ್ಲಿ ಇದಕ್ಕೆ ಹುರಡಾ ಎಂದು ಹೆಸರು.

ಇಂದು ಈ ಮೂರೂ ತಾಲ್ಲೂಕುಗಳಲ್ಲಿ ತೊಗರಿ ಪ್ರಮುಖ ಬೆಳೆಯಾಗಿದೆ. ಭೀಮಾ ನದಿಯ ದಂಡೆಯಲ್ಲಿ ಕಬ್ಬು ಬಂದಿದೆ. ಹಕ್ಕಿ ಕಾಯುವ ಕೆಲಸ, ಕೀಳುವ ಕೂಲಿ ಇವುಗಳ ತೊಂದರೆಯಿಂದ ಜೋಳವನ್ನು ಬಿಟ್ಟವರು ಅನೇಕರು. ಜೋಳ ಹೋದರೆ ಮನೆಯ ರೊಟ್ಟಿಯ ಜೊತೆಗೆ ದನದ ಮೇವೂ ಹೋಗುತ್ತದೆ. ಬೆಳೆಯನ್ನು ಸ್ವಲ್ಪವಾದರೂ ಉಳಿಸಿಕೊಳ್ಳುವವರಿಗೆ ಸೀತನಿಯು ಚಳಿಗಾಲದಲ್ಲಿ ಕೈಗೆ ನಗದು ತರಬಲ್ಲದು. ಆದರೆ ಅದಕ್ಕೆ ಸಿಗುವ ಅವಧಿ ಒಂದು ಹೊಲದಲ್ಲಿ ಸುಮಾರು ಒಂದು ವಾರ ಮಾತ್ರ. ಕಾಳಿನ ಹದ ತಪ್ಪಿದರೆ ರುಚಿ ಇಲ್ಲ. ಕೆಂಡದ ಹದ ತಪ್ಪಿದರೆ ತೆನೆಯೇ ಇಲ್ಲ. ಈ ಎರಡು ಹದಗಳನ್ನು ತಿಳಿದು ಮಾಡುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾಳಿನ ಹದ

ಜೋಳದ ತೆನೆ ಹೂ ಬಿಟ್ಟ ನಂತರ ಕಾಳಿನಲ್ಲಿ ಮೊದಲು ನೀರಿನಂಥ ರಸ, ಅನಂತರ ಹಾಲು, ಆಮೇಲೆ ಮೆತ್ತನೆಯ ಹಿಟ್ಟು, ಕೊನೆಗೆ ಗಟ್ಟಿ ಹಿಟ್ಟು ತುಂಬುತ್ತದೆ. ಎಲೆಗಳಲ್ಲಿ ತಯಾರಾದ ಸಕ್ಕರೆ ಕಾಳಿಗೆ ಬಂದು ಅಲ್ಲಿ ಪಿಷ್ಟವಾಗಿ ಮಾರ್ಪಡುವುದೇ ಈ ಬದಲಾವಣೆಗೆ ಕಾರಣ. ಹಾಲಿನ ಹಂತದಲ್ಲಿ ಸಿಹಿ ಇರುತ್ತದೆ, ಆದರೆ ಹುರುಳಿರುವುದಿಲ್ಲ. ಸುಟ್ಟರೆ ಕಾಳು ಸುಕ್ಕಿ ಸಿಪ್ಪೆಯಾಗುತ್ತದೆ. ಗಟ್ಟಿ ಹಿಟ್ಟಿನ ಹಂತಕ್ಕೆ ಹೋದರೆ ಸಕ್ಕರೆಯೆಲ್ಲ ಪಿಷ್ಟವಾಗಿ ಸಿಹಿ ಕಡಮೆಯಾಗುತ್ತದೆ, ಕಾಳು ಹಲ್ಲಿಗೆ ಗಡುಸಾಗುತ್ತದೆ. ಹಾಲು ಮುಗಿದು ಮೆತ್ತನೆಯ ಹಿಟ್ಟು ಕಟ್ಟುವ ನಡುವಿನ ಹೊತ್ತೇ ಸೀತನಿಯ ಹದ.

ಇದನ್ನು ತಿಳಿಯಲು ಉಪಕರಣ ಬೇಕಿಲ್ಲ. ತೆನೆಯ ನಡುಭಾಗದ ಕಾಳೊಂದನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಬೇಕು. ತೆಳುವಾದ ಹಾಲು ಚಿಮ್ಮಿದರೆ ಇನ್ನೂ ಎರಡು ಮೂರು ದಿನ ಕಾಯಬೇಕು. ಗಿಣ್ಣದಂತೆ ಮೆತ್ತಗಿನ ತಿರುಳು ಹೊರಬಂದರೆ ಹದ ಸರಿಯಾಗಿದೆ. ಉಗುರು ಇಳಿಯದೆ ಒಳಗೆ ಹಿಟ್ಟು ಕಂಡರೆ ಕಾಲ ಮೀರಿದೆ. ಜೋಳದ ತೆನೆ ಮೇಲಿನಿಂದ ಕೆಳಕ್ಕೆ ಹೂ ಬಿಡುತ್ತದೆ. ಆದ್ದರಿಂದ ತುದಿಯ ಕಾಳು ಬುಡದ ಕಾಳಿಗಿಂತ ಕೆಲವು ದಿನ ಮುಂದಿರುತ್ತದೆ. ತುದಿಯನ್ನು ಮಾತ್ರ ನೋಡಿ ಕೊಯ್ದರೆ ಬುಡದ ಕಾಳು ಎಳೆಯದಾಗಿ ಹಾಳಾಗುವುದು. ನಡುಭಾಗವನ್ನೇ ಪರೀಕ್ಷಿಸಬೇಕೆಂಬುದಕ್ಕೆ ಇದೇ ಕಾರಣ.

ಮಾಲದಂಡಿಯಂಥ ತಳಿಗಳಲ್ಲಿ ಬಿತ್ತಿದ 90 ದಿನಗಳ ಸುಮಾರಿಗೆ, ಎಂದರೆ ಹೂ ಬಿಟ್ಟ ಮೂರು ವಾರಗಳ ಆಚೀಚೆ ಈ ಹದ ಬರುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಬಿತ್ತಿದ್ದು ಡಿಸೆಂಬರ್ ಮಧ್ಯಕ್ಕೆ, ಅಕ್ಟೋಬರ್ ಮೊದಲ ವಾರ ಬಿತ್ತಿದ್ದು ಜನವರಿ ಮೊದಲ ವಾರಕ್ಕೆ ಸಿದ್ಧವಾಗುತ್ತದೆ. ಎಳ್ಳಮವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಕಾಲವೂ ಇದೇ. ಹಿರಿಯರು ಸೀತನಿಯ ಸುಗ್ಗಿಯನ್ನು ಈ ದಿನಗಳಿಗೆ ಕೂಡಿಸಿದ್ದು ಸುಮ್ಮನೆ ಅಲ್ಲ.

ಕೆಂಡವೇ ಏಕೆ?

ಹಸಿ ಜೋಳದ ಕಾಳು ಹೊಟ್ಟಿನೊಳಗೆ ಭದ್ರವಾಗಿ ಕುಳಿತಿರುತ್ತದೆ. ಕೈಯಿಂದ ತಿಕ್ಕಿದರೆ ಬಿಡುವುದಿಲ್ಲ, ಒಡೆದು ಹೋಗುತ್ತದೆ. ಕೆಂಡದ ಬಿಸಿಗೆ ಹೊಟ್ಟು ಒಣಗಿ ಸುಡುತ್ತದೆ, ಕಾಳು ಸಡಿಲವಾಗುತ್ತದೆ. ಇದು ಮೊದಲ ಕೆಲಸ. ಕಾಳಿನಲ್ಲಿ ಅರ್ಧದಷ್ಟು ನೀರೇ ಇರುವುದರಿಂದ ಅದು ತನ್ನ ಆವಿಯಲ್ಲಿಯೇ ಬೇಯುತ್ತದೆ. ಜೋಳದ ಪಿಷ್ಟ ಬೇಯಲು 70-75 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಾಕು. ಒಳಗೆ ನೀರಿರುವವರೆಗೆ ಕಾಳಿನ ಉಷ್ಣತೆ 100 ಡಿಗ್ರಿಯ ಸುತ್ತಮುತ್ತಲೇ ಉಳಿಯುತ್ತದೆ. ಇದು ಎರಡನೆಯ ಕೆಲಸ. ಇದೇ ಬಿಸಿಗೆ ಸಕ್ಕರೆಯನ್ನು ಪಿಷ್ಟವಾಗಿಸುವ ಕಿಣ್ವಗಳೂ ನಿಷ್ಕ್ರಿಯವಾಗಿ, ಇದ್ದ ಸಿಹಿ ಇದ್ದಂತೆಯೇ ನಿಲ್ಲುತ್ತದೆ. ಇನ್ನು ಕಾಳಿನ ಹೊರಮೈ ಒಣಗಿದ ಕಡೆ ಉಷ್ಣತೆ ಏರಿ, ಸಕ್ಕರೆ ಮತ್ತು ಸಸಾರಜನಕದ ಅಂಶಗಳು ಕೂಡಿ ಕಂದು ಬಣ್ಣ ಹಾಗೂ ಸುಟ್ಟ ಘಮಲನ್ನು ಕೊಡುತ್ತವೆ. ಇದು ಮೂರನೆಯ ಕೆಲಸ. ಉರಿಯುವ ಜ್ವಾಲೆಗೆ ತೆನೆ ಹಿಡಿದರೆ ಈ ಮೂರೂ ಕೆಡುತ್ತವೆ: ಹೊರಗೆ ಕರಕಲು, ಒಳಗೆ ಹಸಿ, ಮೇಲೆ ಹೊಗೆಯ ಕಹಿ.

ಕೆಂಡದ ಬಿಸಿಯನ್ನು ಬೂದಿಯಿಂದ ಹದ್ದಿನಲ್ಲಿಡುವ ಈ ಜಾಣತನ ಜೋಳದ ಸೀಮೆಗೆ ಮಾತ್ರ ಸೇರಿದ್ದಲ್ಲ. ಮನೆಮನೆಯಲ್ಲಿ ಕುಡಿಯುವ ಚಹದ ಒಂದು ಜಾತಿಯೂ ಇದೇ ವಿದ್ಯೆಯಿಂದ ಹದಗೊಳ್ಳುತ್ತದೆ. ಚಹದ ಗಿಡ ಒಂದೇ ಆದರೂ ಎಲೆಯನ್ನು ಸಂಸ್ಕರಿಸುವ ಕ್ರಮದಿಂದ ಬೇರೆ ಬೇರೆ ಚಹಗಳಾಗುತ್ತವೆ. ಕೊಯ್ದ ಎಲೆಯನ್ನು ಕೂಡಲೆ ಬಿಸಿಮಾಡಿದರೆ ಹಸಿರು ಚಹ. ಎಲೆಯನ್ನು ಜಜ್ಜಿ ಗಾಳಿಗೆ ಪೂರ್ತಿ ಕಂದಲು ಬಿಟ್ಟು ಒಣಗಿಸಿದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಕಪ್ಪು ಚಹ. ಇವೆರಡರ ನಡುವಿನದು ಊಲಾಂಗ್ ಎಂಬ ಚೀನೀ ಚಹ. ಇದರಲ್ಲಿ ಎಲೆಯನ್ನು ಬಾಡಿಸಿ, ಅಂಚು ನಲುಗುವಂತೆ ಕುಲುಕಿ, ಅರೆಬರೆ ಕಂದಿದ ಹೊತ್ತಿಗೆ ಬಿಸಿ ಬಾಣಲೆಯಲ್ಲಿ ಹುರಿದು ಆ ಬದಲಾವಣೆಯನ್ನು ನಿಲ್ಲಿಸುತ್ತಾರೆ. ಸೀತನಿಯಲ್ಲಿ ಕಾಳು ಅರ್ಧ ಬಲಿತಾಗ ಬಿಸಿ ಕೊಟ್ಟು ಸಿಹಿಯನ್ನು ಹಿಡಿದಿಡುವಂತೆ, ಅಲ್ಲಿ ಎಲೆ ಅರ್ಧ ಕಂದಿದಾಗ ಹಿಡಿದು ನಿಲ್ಲಿಸುವುದು.

ಚೀನಾದ ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಗಳಲ್ಲಿ ಈ ಎಲೆಯನ್ನು ಹೊಸೆದು ಒಣಗಿಸಿದ ಮೇಲೆ ಇದ್ದಲಿನ ಮೇಲೆ ಕಾಯಿಸುತ್ತಾರೆ. ನೆಲದ ಕುಣಿಯಲ್ಲಿ ಗಟ್ಟಿ ಮರದ ಇದ್ದಲನ್ನು ಹೊತ್ತಿಸಿ, ಹೊಗೆ ಮತ್ತು ಜ್ವಾಲೆ ಪೂರ್ತಿ ಅಡಗಿದ ಮೇಲೆ ಬಿಳಿ ಬೂದಿಯನ್ನು ಹೊದಿಸಿ, ಅದರ ಮೇಲೆ ಎಲೆ ತುಂಬಿದ ಬಿದಿರಿನ ಬುಟ್ಟಿಯನ್ನು ಇಡುತ್ತಾರೆ. ಬಿಸಿ ಹೆಚ್ಚಾದರೆ ಬೂದಿಯನ್ನು ದಪ್ಪ ಮಾಡುವುದು, ಕಡಮೆಯಾದರೆ ತೆಳು ಮಾಡುವುದು. ಇದಿಷ್ಟೇ ಅವರ ಉಷ್ಣಮಾಪಕ. ಹಲವು ಗಂಟೆಗಳ ಕಾಲ ಎಲೆಯನ್ನು ಆಗಾಗ ತಿರುವುತ್ತ ಕಾಯಿಸಿ, ಕೆಲಕಾಲ ಬಿಟ್ಟು ಮತ್ತೆ ಕಾಯಿಸುವುದೂ ಉಂಟು. ಇದರಿಂದ ಎಲೆಯ ಉಳಿದ ತೇವ ಹೋಗಿ ಅದು ಬಹುಕಾಲ ಕೆಡದೆ ಉಳಿಯುತ್ತದೆ, ಹಸಿ ವಾಸನೆ ಕಳೆದು ಸುಟ್ಟ ಕಾಳಿನಂಥ ಘಮಲು ಬರುತ್ತದೆ. ಈ ವೂಯಿ ಚಹದ ತಯಾರಿಕೆಯನ್ನು ಚೀನಾ ದೇಶವು 2006ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 2022ರಲ್ಲಿ ಯುನೆಸ್ಕೊ ಸಂಸ್ಥೆಯು ಚೀನಾದ ಸಾಂಪ್ರದಾಯಿಕ ಚಹ ತಯಾರಿಕೆಯ ಕೌಶಲಗಳನ್ನು ಮಾನವಕುಲದ ಪರಂಪರೆಯೆಂದು ಮನ್ನಿಸಿತು.

ಆ ಚಹವನ್ನು ಇಲ್ಲಿ ಬೆಳೆಯುವ ಮಾತಲ್ಲ. ಚಹಕ್ಕೆ ಹುಳಿ ಮಣ್ಣು ಮತ್ತು ಬಹಳ ಮಳೆ ಬೇಕು; ನಮ್ಮ ಎರೆ ಮಣ್ಣು ಕ್ಷಾರಗುಣದ್ದು, ಮಳೆಯೂ ಕಡಮೆ. ಕರ್ನಾಟಕದಲ್ಲಿ ಚಿಕ್ಕಮಗಳೂರು, ಕೊಡಗಿನಂಥ ಮಲೆನಾಡಿನ ಕೆಲವು ತೋಟಗಳಲ್ಲಷ್ಟೇ ಚಹ ಇದೆ. ಕಲಿಯಬೇಕಾದುದು ಅವರ ಕೆಂಡದ ಶಿಸ್ತನ್ನು. ಜ್ವಾಲೆ ಇರಬಾರದು, ಹೊಗೆ ಇರಬಾರದು, ಬೂದಿಯ ಹೊದಿಕೆ ಇರಬೇಕು, ತಿರುವುವ ಕೈ ನಿಲ್ಲಬಾರದು. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ಚಹದ ಎಲೆ ಮೊದಲೇ ಒಣಗಿರುವುದರಿಂದ ಅದಕ್ಕೆ ಮಂದ ಬಿಸಿ, ಗಂಟೆಗಟ್ಟಲೆ ಕಾಲ. ಸೀತನಿ ತೆನೆ ಹಸಿಯಾದ್ದರಿಂದ ಅದಕ್ಕೆ ಚುರುಕು ಬಿಸಿ, ಕೆಲವೇ ನಿಮಿಷ. ನಿಧಾನವಾಗಿ ಸುಟ್ಟರೆ ಕಾಳು ಬೇಯುವ ಮೊದಲೇ ಬತ್ತಿ ಗಟ್ಟಿಯಾಗುತ್ತದೆ.

ಸುಡುವ ಕ್ರಮ

1. ಹೊಲದ ಬದುವಿನಿಂದ ದೂರ, ಕಣಿಕೆಯ ಬಣವೆಯಿಂದ ಇನ್ನೂ ದೂರ, ಸ್ವಚ್ಛವಾದ ಜಾಗದಲ್ಲಿ ಸುಮಾರು ಎರಡು ಅಡಿ ಅಗಲ, ಒಂದು ಅಡಿ ಆಳದ ಕುಣಿ ತೆಗೆಯಬೇಕು. ಸುತ್ತಲಿನ ಒಣ ಕಸವನ್ನು ತೆಗೆದು, ಹತ್ತಿರದಲ್ಲಿ ಎರಡು ಕೊಡ ನೀರು ಇಟ್ಟುಕೊಳ್ಳಬೇಕು. ಚಳಿಗಾಲದ ಗಾಳಿಗೆ ಒಂದು ಕಿಡಿ ಹಾರಿದರೆ ವರ್ಷದ ಮೇವು ಹೋದೀತು.

2. ಚೆನ್ನಾಗಿ ಒಣಗಿದ ಕುಳ್ಳು ಮತ್ತು ಜಾಲಿಯ ಕಟ್ಟಿಗೆ ಉತ್ತಮ. ಬಣ್ಣ ಹಚ್ಚಿದ ಕಟ್ಟಿಗೆ, ಪ್ಲಾಸ್ಟಿಕ್, ಹಸಿ ದಂಟು ಇವುಗಳನ್ನು ಹಾಕಕೂಡದು. ಕಣಗಿಲೆಯ ಕಡ್ಡಿ ವಿಷಕರವಾದ್ದರಿಂದ ಅದನ್ನು ಉರಿಸಲೂ ಬಾರದು, ತೆನೆ ತಿರುವಲೂ ಬಳಸಬಾರದು.

3. ಉರಿ ಪೂರ್ತಿ ಅಡಗಿ, ಹೊಗೆ ನಿಂತು, ಕೆಂಡದ ಮೇಲೆ ಬೂದಿಯ ತೆಳು ಪದರ ಕಾಣುವವರೆಗೆ ತೆನೆ ಇಡಬಾರದು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಹೊಗೆಯ ಮಸಿ ಕಾಳಿಗೆ ಅಂಟಿದರೆ ರುಚಿ ಕೆಡುವುದಲ್ಲದೆ ಆರೋಗ್ಯಕ್ಕೂ ಒಳ್ಳೆಯದಲ್ಲ.

4. ತೆನೆಗಳನ್ನು ಒಂದು ಗೇಣು ದಂಟು ಬಿಟ್ಟು ಕತ್ತರಿಸಿ, ದಂಟು ಹೊರಗಿರುವಂತೆ ಕುಣಿಯ ಸುತ್ತ ಜೋಡಿಸಿ, ತೆನೆಯ ಮೇಲೆ ಬಿಸಿ ಬೂದಿಯನ್ನು ಎಳೆಯಬೇಕು. ಒಂದು ಸಲಕ್ಕೆ ಎಂಟು ಹತ್ತು ತೆನೆ ಸಾಕು; ಹೆಚ್ಚಾದರೆ ತಿರುವಲು ಆಗುವುದಿಲ್ಲ.

5. ದಂಟು ಹಿಡಿದು ಆಗಾಗ ತಿರುವುತ್ತಿರಬೇಕು. ಹೊಟ್ಟು ಕಪ್ಪಾಗಿ ಕಾಳು ಹಸಿರಾಗಿಯೇ ಉಳಿದು, ಅಲ್ಲಲ್ಲಿ ಕಂದು ಚುಕ್ಕೆ ಕಂಡಾಗ ತೆಗೆಯಬೇಕು. ಒಂದೆರಡು ಕಾಳನ್ನು ಬಿಡಿಸಿ ನೋಡಿದರೆ ಸುಲಭವಾಗಿ ತಿಳಿಯುತ್ತದೆ.

6. ಬಿಸಿ ಇರುವಾಗಲೇ ಶುಭ್ರವಾದ ಗೋಣಿಚೀಲದಲ್ಲಿ ಹಾಕಿ ಕೋಲಿನಿಂದ ಮೆಲ್ಲಗೆ ಬಡಿಯಬೇಕು ಅಥವಾ ಅಂಗೈಗಳ ನಡುವೆ ತಿಕ್ಕಬೇಕು. ಮರದಲ್ಲಿ ಕೇರಿ ಹೊಟ್ಟು ಬೂದಿಯನ್ನು ತೆಗೆಯಬೇಕು. ಆರಿದ ಮೇಲೆ ಹೊಟ್ಟು ಬಿಡುವುದು ಕಷ್ಟ.

ಸುಟ್ಟ ಸೀತನಿಯನ್ನು ಬೆಲ್ಲ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರಿನೊಂದಿಗೆ ತಿನ್ನುವುದು ಈ ಭಾಗದ ರೂಢಿ. ಒಣ ಜೋಳದ ನೂರು ಗ್ರಾಂನಲ್ಲಿ ಸುಮಾರು 10 ಗ್ರಾಂ ಸಸಾರಜನಕ ಇರುತ್ತದೆ. ಸೀತನಿಯಲ್ಲಿ ನೀರಿನಂಶ ಹೆಚ್ಚಾದ್ದರಿಂದ ಅಷ್ಟೇ ತೂಕಕ್ಕೆ ಅದು ಕಡಮೆ. ಶೇಂಗಾ ಮತ್ತು ಮೊಸರು ಕೂಡಿದಾಗ ಆ ಕೊರತೆ ತುಂಬುತ್ತದೆ.

ತಳಿ ಮತ್ತು ಬಿತ್ತನೆ

ಮಾಲದಂಡಿ 35-1 ತಳಿಯನ್ನು ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಲಾಯಿತು. ರೊಟ್ಟಿಗೂ ಕಣಿಕೆಗೂ ಹೆಸರಾದ ಈ ತಳಿಯ ತೆನೆಯನ್ನೂ ಸೀತನಿಗೆ ಸುಡುವುದುಂಟು. ಆದರೆ ಸೀತನಿಗೆಂದೇ ಹೊಲದ ಒಂದು ಮೂಲೆಯಲ್ಲಿ ಬೇರೆ ಬೀಜ ಹಾಕುವ ಪದ್ಧತಿ ಹಳೆಯದು. ಉತ್ತರ ಕರ್ನಾಟಕದ ಸಕ್ಕರಿ ಮುಕ್ಕರಿ ಇಂಥ ನಾಟಿ ಜೋಳ. ಮಹಾರಾಷ್ಟ್ರದ ರಾಹುರಿ ಕೃಷಿ ವಿದ್ಯಾಪೀಠವು ಹುರಡಾಕ್ಕೆಂದು ಫುಲೆ ಉತ್ತರಾ ಎಂಬ ತಳಿಯನ್ನು ಕೊಟ್ಟಿದೆ. ಸೀತನಿ ತಳಿಯಲ್ಲಿ ಮೂರು ಗುಣಗಳನ್ನು ನೋಡಬೇಕು: ಹಾಲುಗಾಳಿನಲ್ಲಿ ಸಿಹಿ, ಸುಟ್ಟಾಗ ಕಾಳು ಸುಲಭವಾಗಿ ಬಿಡುವುದು, ಹದ ಕೆಲವು ದಿನವಾದರೂ ನಿಲ್ಲುವುದು. ಮನೆಯಲ್ಲಿ ಹಿರಿಯರ ಬೀಜ ಉಳಿದಿದ್ದರೆ ಅದನ್ನು ಕಳೆದುಕೊಳ್ಳಬಾರದು; ಒಳ್ಳೆಯ ನಾಲ್ಕಾರು ತೆನೆಗಳನ್ನು ಪ್ರತಿ ವರ್ಷ ಪೂರ್ತಿ ಬಲಿಯಲು ಬಿಟ್ಟು ಬೀಜಕ್ಕೆ ತೆಗೆದಿಡಬೇಕು.

ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಎಲ್ಲ ತೆನೆಯೂ ಒಂದೇ ವಾರದಲ್ಲಿ ಹದಕ್ಕೆ ಬಂದು ಅರ್ಧ ಉಳಿದು ಹೋಗುತ್ತದೆ. ಸೀತನಿಗೆ ಆರು ಗುಂಟೆ ಮೀಸಲಿಟ್ಟವರು ಎರಡೆರಡು ಗುಂಟೆಯ ಮೂರು ಪಟ್ಟಿ ಮಾಡಿ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದೊಳಗೆ ಎಂಟು ಹತ್ತು ದಿನಗಳ ಅಂತರದಲ್ಲಿ ಬಿತ್ತುವುದು ಲೇಸು. ಆಗ ಒಂದು ವಾರದ ಸುಗ್ಗಿ ಮೂರು ವಾರಗಳಿಗೆ ಹರಡುತ್ತದೆ. ಎಕರೆಗೆ 3 ಕಿಲೋ ಬೀಜದ ಪ್ರಮಾಣದಲ್ಲಿ ಎರಡು ಗುಂಟೆಗೆ 150 ಗ್ರಾಂ ಬೀಜ ಸಾಕು. ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಇದ್ದಲ್ಲಿ ಗುಂಟೆಗೆ ಸುಮಾರು 1500 ಗಿಡ ಹಿಡಿಯುತ್ತವೆ. ಇದಕ್ಕೂ ತಡವಾಗಿ ಬಿತ್ತಿದರೆ ಕಾಳು ಕಟ್ಟುವ ಹೊತ್ತಿಗೆ ನೆಲದ ಹಸಿ ಮುಗಿದು ತೆನೆ ಸೊರಗುತ್ತದೆ. ಈ ಪಟ್ಟಿಗಳು ಮನೆಗೆ ಅಥವಾ ದಾರಿಗೆ ಹತ್ತಿರವಿರಬೇಕು. ಹಾಲುಗಾಳಿಗೆ ಗುಬ್ಬಿ, ಗಿಳಿಗಳ ಕಾಟ ಹೆಚ್ಚಾದ್ದರಿಂದ ಅಟ್ಟದ ಮೇಲೆ ಕವಣೆ ಹಿಡಿದು ಕಾಯುವವರು ಬೇಕಾಗುತ್ತಾರೆ.

ಲಾಭ ನಷ್ಟದ ಲೆಕ್ಕ

ಸೀತನಿಗೆ ಕೊಯ್ದ ತೆನೆ ರೊಟ್ಟಿಗೆ ಬರುವುದಿಲ್ಲ. ಮೆತ್ತನೆಯ ಹಿಟ್ಟಿನ ಹಂತದಲ್ಲಿ ಕಾಳು ತನ್ನ ಒಣ ತೂಕದ ಅರ್ಧವನ್ನು ಮಾತ್ರ ಗಳಿಸಿರುತ್ತದೆ, ಉಳಿದರ್ಧವನ್ನು ಬಿಟ್ಟುಕೊಟ್ಟಂತೆ. ಆದರೆ ನೀರಿನ ತೂಕ ಸೇರಿರುವುದರಿಂದ, ಸ್ಥೂಲವಾಗಿ ಹೇಳುವುದಾದರೆ, ಒಂದು ಕಿಲೋ ಒಣ ಜೋಳ ಬರಬೇಕಾದ ಕಡೆ ಒಂದು ಕಿಲೋದಷ್ಟೇ ಹಸಿ ಕಾಳು ಸಿಗುತ್ತದೆ. ಎಕರೆಗೆ 6 ಕ್ವಿಂಟಲ್ ಬರುವ ಹೊಲವೆಂದು ಇಟ್ಟುಕೊಂಡರೆ ಗುಂಟೆಗೆ 15 ಕಿಲೋ ಒಣ ಜೋಳದ ಬದಲು ಸುಮಾರು 15 ಕಿಲೋ ಹಸಿ ಕಾಳು. ಸುಡುವಾಗ ಇದರಲ್ಲಿಯೂ ಸ್ವಲ್ಪ ಇಳಿಯುತ್ತದೆ, ಕೆಲವು ತೆನೆ ಕರಕಾಗುತ್ತವೆ.

ಆದ್ದರಿಂದ ಲೆಕ್ಕ ಸರಳ. ಸೀತನಿಯ ಕಿಲೋ ದರವು ಒಣ ಜೋಳದ ಕಿಲೋ ದರದ ಜೊತೆಗೆ ಸುಡುವ, ತಿಕ್ಕುವ, ಸಾಗಿಸುವ ಖರ್ಚನ್ನೂ ದಾಟಿ ಉಳಿಯಬೇಕು. ಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಎಕರೆಗಟ್ಟಲೆ ಸೀತನಿಗೆ ಬಿಡುವುದು ಜಾಣತನವಲ್ಲ. ಒಳ್ಳೆಯ ಸಂಗತಿಯೆಂದರೆ, ಮಾರಾಟವಾಗದ ತೆನೆ ವ್ಯರ್ಥವಲ್ಲ. ಕೊಯ್ಯದೆ ಬಿಟ್ಟ ತೆನೆ ಬಲಿತು ರೊಟ್ಟಿಯ ಜೋಳವಾಗುತ್ತದೆ. ತರಕಾರಿ ಬೆಳೆಗಾರನಿಗೆ ಇಲ್ಲದ ಈ ಅನುಕೂಲ ಸೀತನಿ ಬೆಳೆದವನಿಗೆ ಇದೆ.

ಕೊಯ್ದ ಮೇಲೆ

ತೆನೆ ಕೊಯ್ದ ಗಳಿಗೆಯಿಂದ ಸಿಹಿ ಇಳಿಯತೊಡಗುತ್ತದೆ. ಬೆಳಗಿನ ತಂಪಿನಲ್ಲಿ ಕೊಯ್ದು, ನೆರಳಿನಲ್ಲಿ ಒದ್ದೆ ಬಟ್ಟೆ ಹೊದಿಸಿ, ಅದೇ ದಿನ ಮುಗಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒತ್ತಿ ತುಂಬಿದರೆ ಕಾವೇರಿ ಮುಗ್ಗುತ್ತದೆ. ಸುಟ್ಟ ಕಾಳಿನಲ್ಲಿಯೂ ತೇವ ಉಳಿದಿರುವುದರಿಂದ ಅದನ್ನು ಮರುದಿನಕ್ಕೆ ಇಡಬಾರದು. ಗುಜರಾತಿನ ಸೂರತ್ತಿನಲ್ಲಿ ಇದೇ ಎಳೆ ಜೋಳ ಪೊಂಕ್ ಎಂಬ ಹೆಸರಿನಿಂದ ಚಳಿಗಾಲದಲ್ಲಿ ಸುಟ್ಟಲ್ಲಿಯೇ ಬಿಸಿಬಿಸಿಯಾಗಿ ಮಾರಾಟವಾಗುತ್ತದೆ. ಕೆಂಡದ ಹತ್ತಿರವೇ ಗಿರಾಕಿ ಬರುವಂತೆ ಮಾಡುವುದು ಸೀತನಿಯ ಉತ್ತಮ ಮಾರಾಟ ಪದ್ಧತಿ. ರಸ್ತೆಯ ಬದಿಯ ಹೊಲದವರಿಗೆ, ಯಾತ್ರಾಸ್ಥಳಗಳ ಹತ್ತಿರದವರಿಗೆ, ಮಹಿಳಾ ಸ್ವಸಹಾಯ ಸಂಘಗಳಿಗೆ ಇದು ಸುಲಭ.

ಕಾಳನ್ನು ಇಟ್ಟುಕೊಳ್ಳಲೇಬೇಕೆಂದರೆ ಸುಟ್ಟ ಮೇಲೆ ಬಿಸಿಲಿನಲ್ಲಿ ಕಟಕಟ ಎನ್ನುವಂತೆ ಒಣಗಿಸಬೇಕು. ಅರಬ್ ನಾಡುಗಳಲ್ಲಿ ಹಸಿ ಗೋಧಿಯ ತೆನೆಯನ್ನು ಹೀಗೆಯೇ ಸುಟ್ಟು, ತಿಕ್ಕಿ, ಒಣಗಿಸಿ ಫ್ರೀಕೆ ಎಂಬ ಹೆಸರಿನಿಂದ ವರ್ಷವಿಡೀ ಬಳಸುತ್ತಾರೆ. ಕೆಂಡ ಕಾಳನ್ನು ಬೇಯಿಸುತ್ತದೆ. ಉಳಿಸುವುದು ಮಾತ್ರ ಒಣಗಿಸುವಿಕೆ.

ಮೇವಿನ ಬಗ್ಗೆ ಎಚ್ಚರಿಕೆ

ತೆನೆ ಕೊಯ್ದ ಮೇಲೆ ದಂಟು ಇನ್ನೂ ಹಸಿರಾಗಿರುತ್ತದೆ. ಅದನ್ನು ಕತ್ತರಿಸಿ ಹಸಿ ಮೇವಾಗಿ ಕೊಡಬಹುದು ಅಥವಾ ಒಣಗಿಸಿ ಕಣಿಕೆ ಮಾಡಬಹುದು. ಆದರೆ ಕೊಯ್ದ ಕೂಳೆಯಿಂದ ಮತ್ತೆ ಚಿಗುರಿದ ಎಳೆ ಸುಳಿಯಲ್ಲಿ ಪ್ರೂಸಿಕ್ ಆಮ್ಲವೆಂಬ ಪ್ರಬಲ ವಿಷವನ್ನು ಬಿಡುವ ಅಂಶ ಬಹಳವಿರುತ್ತದೆ. ಎಳೆಯ ಬೆಳೆಯಲ್ಲಿಯೂ, ಬರಕ್ಕೆ ಸಿಕ್ಕಿ ಬಾಡಿದ ಬೆಳೆಯಲ್ಲಿಯೂ ಇದು ಹೆಚ್ಚು. ಹಸಿದ ದನ ಇಂಥ ಚಿಗುರನ್ನು ಮೇಯ್ದರೆ ಸ್ವಲ್ಪ ಹೊತ್ತಿನಲ್ಲೇ ಉಸಿರಾಟಕ್ಕೆ ಕಷ್ಟಪಟ್ಟು ಸಾಯಬಹುದು. ಸೀತನಿಯಿಂದ ಬಂದ ಹಣ ಒಂದು ಎತ್ತಿನ ಬೆಲೆಯ ಮುಂದೆ ಏನೂ ಅಲ್ಲ. ಕೂಳೆ ಚಿಗುರುವ ಹೊಲಕ್ಕೆ ದನ ಬಿಡದೆ ಕೂಡಲೆ ಹರಗುವುದು ಕ್ಷೇಮ. ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು.

ಗಮನಿಸಬೇಕಾದ ಇತರ ಅಂಶಗಳು

ಸೀತನಿಯ ಪಟ್ಟಿಗೆ ತೆನೆ ಬಿಟ್ಟ ಮೇಲೆ ಕೀಟನಾಶಕ ಸಿಂಪಡಿಸಬಾರದು. ಹಸಿ ಕಾಳನ್ನು ಒಂದೆರಡು ದಿನಗಳಲ್ಲೇ ತಿನ್ನುವುದರಿಂದ ವಿಷದ ಅಂಶ ಕಳೆಯಲು ಕಾಲ ಸಿಗುವುದಿಲ್ಲ. ಅಕ್ಕಪಕ್ಕದ ತೊಗರಿಗೆ ಸಿಂಪಡಿಸುವಾಗಲೂ ಗಾಳಿಯ ದಿಕ್ಕನ್ನು ನೋಡಬೇಕು. ಕಾಡಿಗೆ ರೋಗ ತಗುಲಿದ, ಜೋನಿ ಸುರಿಯುವ, ಬೂಷ್ಟು ಹಿಡಿದ ತೆನೆಗಳನ್ನು ಬೇರ್ಪಡಿಸಿ ನಾಶಮಾಡಬೇಕು. ಬೆಂಕಿ ಸುಟ್ಟಿತೆಂದ ಮಾತ್ರಕ್ಕೆ ಬೂಷ್ಟಿನ ವಿಷ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಕುಣಿಗೆ ನೀರು ಹೊಯ್ದು ಮಣ್ಣು ಮುಚ್ಚಿದ ನಂತರವೇ ಹೊಲ ಬಿಡಬೇಕು. ಬೂದಿಯ ಕೆಳಗೆ ಕೆಂಡ ಮರುದಿನದವರೆಗೂ ಜೀವಂತವಾಗಿರಬಲ್ಲದು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತ ಬಾಂಧವರು ತಮ್ಮ ತೊಗರಿ, ಕಬ್ಬಿನ ನಡುವೆಯೂ ನಾಲ್ಕಾರು ಗುಂಟೆ ಹಿಂಗಾರಿ ಜೋಳಕ್ಕೆ ಜಾಗ ಉಳಿಸಿ, ಅದರಲ್ಲಿ ಒಂದು ಪಟ್ಟಿಯನ್ನು ಸೀತನಿಗೆ ಮೀಸಲಿಟ್ಟಲ್ಲಿ ಮನೆಗೆ ರೊಟ್ಟಿ, ದನಕ್ಕೆ ಮೇವು, ಕೈಗೆ ಸ್ವಲ್ಪ ನಗದು ಮೂರೂ ದೊರೆಯುತ್ತವೆ. ಮೊದಲ ವರ್ಷ ಒಂದೆರಡು ಗುಂಟೆಯಲ್ಲಿ ಮಾಡಿ ನೋಡಿ, ಗಿರಾಕಿ ಸಿಕ್ಕಂತೆ ಹೆಚ್ಚಿಸುವುದು ಒಳಿತು. ಬೀಜ ಮತ್ತು ಬೇಸಾಯ ಕ್ರಮಗಳ ಬಗ್ಗೆ ಹೆಚ್ಚಿನ ಮಾಹಿತಿಯನ್ನು ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಿಂದ ಪಡೆಯಬಹುದು. ಸುಡುವ ಹದವನ್ನು ಮಾತ್ರ ಊರಿನ ಹಿರಿಯರ ಪಕ್ಕದಲ್ಲಿ ಕುಳಿತು, ಕೆಂಡದ ಮುಂದೆಯೇ ಕಲಿಯಬೇಕು.